ಮ್ಯಾಸ್ಟೊಡಾನ್
ವಿಕೇಂದ್ರಿತ ಸಾಮಾಜಿಕ ಜಾಲಗಳಲ್ಲಿ ಹೆಚ್ಚು ಪರಿಚಿತವಾದದ್ದು. ಜರ್ಮನಿಯ ಯುಜೆನ್ ರೋಚ್ಕೊ 2016ರಲ್ಲಿ ಹೊರತಂದ ಮುಕ್ತ ತಂತ್ರಾಂಶ. ಇಡೀ ಜಾಲಕ್ಕೆ ಒಬ್ಬ ಮಾಲೀಕನಿಲ್ಲ. ವ್ಯಕ್ತಿಗಳು, ಸಂಘಸಂಸ್ಥೆಗಳು ನಡೆಸುವ ಸಾವಿರಾರು ಸರ್ವರ್‌ಗಳೇ ಸೇರಿ ಜಾಲವಾಗಿವೆ. ಜಿಮೇಲ್‌ನವರು ಯಾಹೂ ವಿಳಾಸಕ್ಕೆ ಪತ್ರ ಕಳಿಸುವಂತೆ, ಒಂದು ಸರ್ವರ್‌ನ ಸದಸ್ಯರು ಇನ್ನೊಂದರ ಸದಸ್ಯರನ್ನು ಹಿಂಬಾಲಿಸಬಹುದು. ಆದ್ದರಿಂದಲೇ ಖಾತೆಯ ವಿಳಾಸದಲ್ಲಿ ಬಳಕೆದಾರರ ಹೆಸರಿನ ಜೊತೆ ಸರ್ವರ್‌ನ ಹೆಸರೂ ಇರುತ್ತದೆ.

ಸರ್ವರ್‌ಗಳ ನಡುವಣ ವ್ಯವಹಾರ ಆಕ್ಟಿವಿಟಿಪಬ್ ಎಂಬ ಪ್ರೋಟೋಕಾಲ್‌ನಲ್ಲಿ ನಡೆಯುತ್ತದೆ. ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ 2018ರಲ್ಲಿ ಇದನ್ನು ಅಂಗೀಕರಿಸಿತು. ಬರೆದ ಪೋಸ್ಟ್‌ನ ಪ್ರತಿ ಹಿಂಬಾಲಕರ ಸರ್ವರ್‌ಗಳಲ್ಲೂ ಉಳಿಯುತ್ತದೆ. ಅಳಿಸಿದಾಗ ಅಲ್ಲಿಗೆ ಹೋಗುವುದು ಕೋರಿಕೆಯಷ್ಟೇ, ಪಾಲಿಸುವುದು ಆ ಸರ್ವರ್‌ಗೆ ಬಿಟ್ಟದ್ದು. ಹೊಸಬರು ಸಾಮಾನ್ಯವಾಗಿ ಗಮನಿಸದ ಸಂಗತಿಯಿದು.

ನಿಯಮಗಳು ಸರ್ವರ್‌ನಿಂದ ಸರ್ವರ್‌ಗೆ ಬೇರೆ. ಬೇಡವೆನಿಸಿದ ಸರ್ವರ್‌ನ ಸಂಪರ್ಕವನ್ನೇ ನಿರ್ವಾಹಕರು ಕಡಿದುಹಾಕಬಹುದು. 2019ರಲ್ಲಿ, ತೀವ್ರ ಬಲಪಂಥೀಯರ ನೆಲೆಯೆನಿಸಿದ ಗ್ಯಾಬ್ ಎಂಬ ಸಾಮಾಜಿಕ ಜಾಲತಾಣ ಈ ತಂತ್ರಾಂಶಕ್ಕೆ ಬಂದಾಗ ಹಲವರು ಹಾಗೆಯೇ ಮಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದ ಬಳಿಕ, ಅನೇಕ ಭಾರತೀಯರು ಇತ್ತ ಬಂದರು. ಸರ್ವರ್ ಬದಲಿಸಿದರೆ ಹಿಂಬಾಲಕರನ್ನು ಜೊತೆಗೆ ಒಯ್ಯಬಹುದು. ಹಳೆಯ ಪೋಸ್ಟ್‌ಗಳು ಮಾತ್ರ ಬರುವುದಿಲ್ಲ.