ಬೇರೆ ಕಂಪನಿಯ ಹೆಸರಿನಲ್ಲಿ ಮಾರಾಟವಾಗುವ ಔಷಧಗಳ ತಯಾರಿಕೆ: ಪರವಾನಗಿ ಮತ್ತು ಹೊಣೆಗಾರಿಕೆ

ಮಾರುಕಟ್ಟೆಯಲ್ಲಿರುವ ಅನೇಕ ಔಷಧಗಳನ್ನು, ಪೊಟ್ಟಣದ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾಗಿರುವ ಕಂಪನಿಯು ಸ್ವತಃ ತಯಾರಿಸಿರುವುದಿಲ್ಲ. ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1940 ಹಾಗೂ ಔಷಧ ನಿಯಮಗಳು, 1945ರ ಮೇರೆಗೆ ಇಂತಹ ತಯಾರಿಕೆಯು ಎರಡು ವಿಧಗಳಲ್ಲಿ ನಡೆಯುತ್ತದೆ.

1. ಲೋನ್ ಲೈಸೆನ್ಸ್: ಸ್ವಂತ ತಯಾರಿಕಾ ವ್ಯವಸ್ಥೆ ಇಲ್ಲದವರು, ಪರವಾನಗಿ ಹೊಂದಿರುವ ಮತ್ತೊಬ್ಬರ ಕಾರ್ಖಾನೆಯನ್ನು ಬಳಸಿಕೊಂಡು ತಮ್ಮದೇ ಪರವಾನಗಿಯಡಿ ಔಷಧ ತಯಾರಿಸುವುದು. ಸಾಮಾನ್ಯ ಔಷಧಗಳಿಗೆ ನಮೂನೆ 24-ಎ ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಪರವಾನಗಿಯನ್ನು ನಮೂನೆ 25-ಎ ರಲ್ಲಿ ನೀಡಲಾಗುವುದು. ಅನುಸೂಚಿ ಸಿ ಮತ್ತು ಸಿ(1)ರ ಔಷಧಗಳಿಗೆ ಅನುಕ್ರಮವಾಗಿ ನಮೂನೆ 27-ಎ ಮತ್ತು 28-ಎ ಅನ್ವಯಿಸುತ್ತವೆ. ಪರವಾನಗಿ ನೀಡುವ ಮುನ್ನ ಸದರಿ ಕಾರ್ಖಾನೆಯ ಯಂತ್ರೋಪಕರಣ, ಸಿಬ್ಬಂದಿ, ಉತ್ಪಾದನಾ ಸಾಮರ್ಥ್ಯ ಮತ್ತು ಪರೀಕ್ಷಾ ಸೌಲಭ್ಯಗಳನ್ನು ಪರಿಶೀಲಿಸಲಾಗುವುದು.

2. ಮೂರನೇ ವ್ಯಕ್ತಿಯಿಂದ ತಯಾರಿಕೆ: ಕಾರ್ಖಾನೆಯು ತನ್ನ ಪರವಾನಗಿಯಡಿ, ಹಲವು ವೇಳೆ ತಾನೇ ರೂಪಿಸಿದ ಸೂತ್ರದಂತೆ ಔಷಧ ತಯಾರಿಸುತ್ತದೆ. ಮತ್ತೊಂದು ಕಂಪನಿಯು ಅದನ್ನು ತನ್ನ ಹೆಸರಿನ ಲೇಬಲ್‌ನೊಂದಿಗೆ ಮಾರಾಟ ಮಾಡುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

* ಕಾರ್ಖಾನೆಯ ನಮೂನೆ 25ರ ಪರವಾನಗಿಯು ರದ್ದಾದಲ್ಲಿ ಅಥವಾ ಅಮಾನತುಗೊಂಡಲ್ಲಿ, ಅದನ್ನು ಅವಲಂಬಿಸಿರುವ ನಮೂನೆ 25-ಎ ಪರವಾನಗಿಯೂ ಅದೇ ರೀತಿ ರದ್ದಾದಂತೆ ಅಥವಾ ಅಮಾನತುಗೊಂಡಂತೆ ಪರಿಗಣಿತವಾಗುತ್ತದೆ. ಆದ್ದರಿಂದ ಕಾರ್ಖಾನೆಯ ಪರವಾನಗಿಯ ಸಿಂಧುತ್ವವನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು ಅಗತ್ಯ.
* ಒಪ್ಪಂದವಿಲ್ಲದೆ ಇತರರು ತಯಾರಿಸಿದ ಔಷಧದ ಮೇಲೆ ತಮ್ಮ ಹೆಸರನ್ನು ಮುದ್ರಿಸಿ ಮಾರಾಟ ಮಾಡುವಂತಿಲ್ಲ.
* 2020ರಲ್ಲಿ ಹೊರಡಿಸಿ 2021ರ ಮಾರ್ಚ್ 1ರಿಂದ ಜಾರಿಗೆ ತಂದ ತಿದ್ದುಪಡಿಯಂತೆ, ಔಷಧದ ಗುಣಮಟ್ಟಕ್ಕೆ ತಯಾರಕರೊಂದಿಗೆ ಮಾರಾಟ ಕಂಪನಿಯೂ ಹೊಣೆಯಾಗಿರುತ್ತದೆ. ತಯಾರಿಕೆ ತನ್ನದಲ್ಲವೆಂಬ ಕಾರಣದಿಂದ ಈ ಹೊಣೆಯಿಂದ ವಿನಾಯಿತಿ ದೊರೆಯುವುದಿಲ್ಲ.

ಬಳಕೆದಾರರಿಗೆ

ಒಂದೇ ಕಾರ್ಖಾನೆಯ ಔಷಧವು ಹಲವು ಹೆಸರುಗಳಲ್ಲಿ ಮಾರಾಟವಾಗಬಹುದು. ಆದುದರಿಂದ ದೂರು ನೀಡುವಾಗ ಔಷಧದ ಹೆಸರು ಮಾತ್ರ ಸಾಲದು. ಲೇಬಲ್‌ನಲ್ಲಿರುವ ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ ಹಾಗೂ ಬ್ಯಾಚ್ ಸಂಖ್ಯೆಗಳನ್ನು ತಪ್ಪದೆ ನಮೂದಿಸಬೇಕು. ಖರೀದಿ ರಸೀದಿಯನ್ನೂ, ಉಳಿದ ಔಷಧವನ್ನು ಮೂಲ ಪೊಟ್ಟಣದಲ್ಲಿಯೇ ಜೋಪಾನವಾಗಿ ಇರಿಸಿಕೊಳ್ಳುವುದು ಸೂಕ್ತ.

ಅಧಿನಿಯಮದ 26ನೇ ಪ್ರಕರಣದಂತೆ, ಯಾವುದೇ ವ್ಯಕ್ತಿಯು ತಾನು ಖರೀದಿಸಿದ ಔಷಧವನ್ನು ನಿಗದಿತ ಶುಲ್ಕ ಪಾವತಿಸಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆಗೆ ಒಳಪಡಿಸಿ, ವರದಿ ಪಡೆಯಲು ಹಕ್ಕುಳ್ಳವನಾಗಿರುತ್ತಾನೆ. ಮಾನ್ಯತೆ ಪಡೆದ ಗ್ರಾಹಕ ಸಂಘಗಳಿಗೂ ಈ ಹಕ್ಕು ಇರುತ್ತದೆ.