ಎರಡು ಹೊಳೆ, ಒಂದು ಲೋಟ

ತಿರುಮಕೂಡಲು ನರಸೀಪುರದ ಸಂಗಮದ ಮೆಟ್ಟಿಲಮೇಲೆ ಕುಳಿತವರಿಗೆ ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರರ ಮಹಿಮೆಯನ್ನು ಹೇಳುವವರು ಬಹಳ ಮಂದಿ. ಲೌಕಿಕವಾದ ಒಂದು ಸಂಗತಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ನಂಜನಗೂಡನ್ನು ಹಾದು ಬರುವ ಕಪಿಲೆ ಹುಟ್ಟುವುದು ವಯನಾಡಿನಲ್ಲಿ. ಎರಡೂ ಕಾಫಿಯ ಸೀಮೆಗಳೇ. ಬತ್ತ, ಕಬ್ಬು, ಬಾಳೆಗಳ ನಮ್ಮ ಬಯಲು ಕಾಫಿಯನ್ನು ಬೆಳೆಯಲಿಲ್ಲ. ಆದರೆ ಅದರ ಮೋಹಕ್ಕೆ ಒಳಗಾಯಿತು. ಆ ಮೋಹದ ಚರಿತ್ರೆಯೇ ಇಂದಿನ ಮಾತು.

ಬಾಬಾ ಬುಡನ್ ಅವರು ಯಮನ್ ದೇಶದಿಂದ 7 ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ಎಲ್ಲರೂ ಬಲ್ಲದ್ದು. ಅದು 17ನೆಯ ಶತಮಾನದ ಸಂಗತಿಯೆನ್ನುತ್ತಾರೆ. ಆದರೆ ಬೆಟ್ಟದ ಆ ಬೀಜ ಬಯಲಿನ ಒಲೆಯನ್ನು ಸೇರಲು ತಲೆಮಾರುಗಳೇ ಹಿಡಿದವು. 19ನೆಯ ಶತಮಾನದ ನಡುಭಾಗದಲ್ಲಿ ಯೂರೋಪಿಯನ್ನರು ತೋಟಗಳನ್ನು ಹಬ್ಬಿಸಿದ್ದು ಪರದೇಶದ ಪೇಟೆಗಾಗಿ. ನಮ್ಮ ಪೂರ್ವಿಕರ ಮುಂಜಾನೆ ಅಂಬಲಿ, ಮಜ್ಜಿಗೆ, ತಂಗಳುಗಳಲ್ಲೇ ಕಳೆಯುತ್ತಿತ್ತು. ಹಾಗಾಗಿ ಕಾಫಿಯನ್ನು ನಮ್ಮ ಸನಾತನ ಆಚಾರವೆಂಬಂತೆ ಹೊಗಳುವವರು ಸ್ವಲ್ಪ ತಾಳಬೇಕು.

ಬಯಲಿನವರು ಕುಡಿಯಬೇಕೆಂದು ಬೆಳೆಗಾರರಿಗೆ ತೋರಿದ್ದು ಪರದೇಶದ ಪೇಟೆ ಕುಸಿದಾಗ. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಮಹಾಯುದ್ಧ ಯೂರೋಪಿನ ದಾರಿಯನ್ನು ಮುಚ್ಚಿದಾಗ, 1942ರ ಕಾಯಿದೆಯ ಮೇರೆಗೆ ಕಾಫಿ ಬೋರ್ಡು ಬಂತು. ಬೆಳೆಯೆಲ್ಲ ಅದರ ಪೂಲಿಗೆ ಸೇರಿತು. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನ ಕೇಂದ್ರ, ಎಲೆಯ ತುಕ್ಕುರೋಗವನ್ನು ತಾಳಬಲ್ಲ ಎಸ್. 795 ಎಂಬ ತಳಿಯನ್ನು 1940ರ ದಶಕದಲ್ಲಿ ಕೊಟ್ಟಿತು. ಹೀಗೆ ರೋಗ, ಯುದ್ಧ, ಕಾಯಿದೆ ಈ ಮೂರೂ ನಮ್ಮ ಬೆಳಗಿನ ಲೋಟದೊಳಗೆ ಕರಗಿವೆ.

ನನ್ನ ಬಾಲ್ಯ 1960ರ ದಶಕದ್ದು. ನಂಜನಗೂಡಿನ ನಮ್ಮ ಮನೆಯಲ್ಲಿ ತಾಯಿಯವರದು ಪೀಬೆರಿಯ ಪಕ್ಷ. ಹಣ್ಣಿನೊಳಗೆ ಎರಡು ಬೀಜಗಳ ಬದಲು ಒಂದೇ ದುಂಡಾಗಿ ಬೆಳೆದರೆ ಅದೇ ಪೀಬೆರಿ. ಬಾಣಲೆಯಲ್ಲಿ ಉರುಳುತ್ತ ಎಲ್ಲ ಕಡೆಯೂ ಒಂದೇ ಹದವಾಗಿ ಹುರಿಯುತ್ತದೆಂಬುದು ಅವರ ವಾದ. ಚಟಪಟ ಸದ್ದು ಅಡಗಿ, ಎಣ್ಣೆಯ ಹೊಳಪು ಬರುವ ಮುನ್ನವೇ ಇಳಿಸಬೇಕು. ನರಸೀಪುರದ ಸೋದರತ್ತೆಯವರು ಇದನ್ನು ಒಪ್ಪರು. ಅವರಿಗೆ ಕಪ್ಪಗೆ ಹುರಿದ ಬೀಜ, ಅದಕ್ಕೆ ಚಿಕೋರಿಯ ಬೆರಕೆ. ಸಂಗಮದ ಊರಲ್ಲವೆ, ಮೂರನೆಯದು ಗುಪ್ತವಾಗಿ ಸೇರಲೇಬೇಕೆಂದು ನಮ್ಮ ತಂದೆ ನಗುತ್ತಿದ್ದರು. ಹಿತ್ತಾಳೆಯ ಫಿಲ್ಟರಿನ ಮೇಲಂತಸ್ತಿನಲ್ಲಿ ಪುಡಿಯನ್ನು ಎಷ್ಟು ಒತ್ತಬೇಕು ಎಂಬ ಬಗ್ಗೆ ಅತ್ತಿಗೆ ನಾದಿನಿಯರ ವಾದ ಎಂದೂ ಮುಗಿಯಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸವಿನೆನಪಾಗುತ್ತಿತ್ತು. ಆದರೆ ನಮ್ಮ ಮನೆಯ ಕೊಟ್ಟಿಗೆಯ ಗೂಡಿನಲ್ಲಿ ಅಲ್ಯುಮಿನಿಯಂ ಲೋಟವೊಂದು ಕವುಚಿ ಕುಳಿತಿರುತ್ತಿತ್ತು. ಗದ್ದೆಯ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಅದನ್ನು ತಾವೇ ತೊಳೆದು ಹಿಡಿಯಬೇಕು. ತಾಯಿಯವರು ಮೇಲಿನಿಂದ ಸುರಿಯಬೇಕು. ಸುರಿಯುತ್ತಿದ್ದುದು ಮೂರನೆಯ ಡಿಕಾಕ್ಷನ್, ಅದಕ್ಕೆ ಬೆಲ್ಲ. ಆ ಹಿರಿಯರು ಹರೆಯದಲ್ಲಿ ಕೊಡಗಿನ ತೋಟಕ್ಕೆ ಕೂಲಿಗೆ ಹೋಗಿ ಹಣ್ಣು ಬಿಡಿಸಿ ಬಂದವರು. ಮೈಸೂರು ಸೀಮೆಯ ಬಯಲಿನ ಎಷ್ಟೋ ಕೈಗಳು ಹಾಗೆ ಗಟ್ಟ ಹತ್ತಿದ್ದುವು. ನಮ್ಮ ಪೈಕಿ ಕಾಫಿಯ ಗಿಡವನ್ನು ಮುಟ್ಟಿ ಬಲ್ಲವರು ಅವರೊಬ್ಬರೇ. ನಮ್ಮ ಲೋಟವನ್ನು ಮುಟ್ಟಬಾರದವರೂ ಅವರೊಬ್ಬರೇ. ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದ ಕಾನೂನು 1955ರಲ್ಲೇ ಬಂದಿತ್ತು. ಪತ್ರಿಕೆ ಓದುತ್ತ ಮೊದಲ ಡಿಕಾಕ್ಷನ್ನಿನ ಕಾಫಿ ಕುಡಿಯುತ್ತಿದ್ದ ನಮ್ಮ ಮನೆಗೆ ಅದು ತಿಳಿಯದೆ ಇರಲಿಲ್ಲ. ನಾನು ಬಾಲಕನಾಗಿ ನೋಡಿದೆ, ತರುಣನಾಗಿಯೂ ಸುಮ್ಮನಿದ್ದೆ. ಆ ಲೋಟವನ್ನು ಯಾರೂ ಎತ್ತಿ ಒಳಗೆ ತರಲಿಲ್ಲ. ಆ ಹಿರಿಯರು ತೀರಿಕೊಂಡ ಮೇಲೆ ಅದು ತಾನಾಗಿ ಕಾಣದಾಯಿತು. ಇದನ್ನು ಸುಧಾರಣೆಯೆಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

ಈಗ ಕಾಲ ಬದಲಾಗಿದೆ. 1989ರಲ್ಲಿ ನಂಜನಗೂಡಿನಲ್ಲಿ ನೆಸ್ಲೆ ಕಂಪೆನಿಯ ಕಾರ್ಖಾನೆ ಬಂತು; ಬಿಸಿನೀರಿಗೆ ಹಾಕಿದೊಡನೆ ಕರಗುವ ಪುಡಿ ನಮ್ಮೂರಿನಲ್ಲೇ ತಯಾರಾಯಿತು. ಅದರಲ್ಲಿ ಒಂದನೆಯ ಡಿಕಾಕ್ಷನ್, ಮೂರನೆಯ ಡಿಕಾಕ್ಷನ್ ಎಂಬ ಭೇದವಿಲ್ಲ. ಫಿಲ್ಟರಿನ ಭಕ್ತನಾದ ನನಗೆ ಆ ಪುಡಿ ರುಚಿಸದು. ಆದರೆ ಈ ಒಂದು ಗುಣಕ್ಕಾಗಿ ಅದನ್ನು ಹಳಿಯಲಾರೆ.

ಬೀಜ ಯಾವುದು, ಹುರಿಯುವ ಹದ ಎಷ್ಟು ಎಂಬ ರಸಿಕರ ಚರ್ಚೆ ನಡೆಯಲಿ. ಅದು ಸುಸಂಸ್ಕೃತ ಸಂತೋಷವೇ. ಆದರೆ ರುಚಿಯ ಚರಿತ್ರೆಯನ್ನು ಬರೆಯುವವರು ಹಿತ್ತಾಳೆಯ ಫಿಲ್ಟರಿನ ಪಕ್ಕದಲ್ಲಿ ಕೊಟ್ಟಿಗೆಯ ಗೂಡಿನ ಲೋಟವನ್ನೂ ಇರಿಸಬೇಕು. ಸಂಗಮದಲ್ಲಿ ಬೊಗಸೆಯೊಡ್ಡಿದವರು ಈ ನೀರು ಯಾವ ಹೊಳೆಯದೆಂದು ಕೇಳುವುದಿಲ್ಲ. ಮನೆಯಲ್ಲಿ ಲೋಟ ಕೊಡುವಾಗ ಮಾತ್ರ ನಾವು ಅದನ್ನು ಮರೆತಿದ್ದೆವು.