ನೀವು ಯಾವ ಜನ?

ಎರಡು ವರ್ಷದ ಹಿಂದೆ ಯಲಹಂಕ ನ್ಯೂಟೌನಿನಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದೆ. ಎರಡು ಬೆಡ್‌ರೂಮು, ಬೈಕ್ ನಿಲ್ಲಿಸೋಕೆ ಜಾಗ, ಆಫೀಸ್ ಕ್ಯಾಬ್ ಮನೆ ಹತ್ರಾನೇ ಬರುತ್ತೆ. ಅಡ್ವಾನ್ಸ್ ಮಾತೂ ಮುಗೀತು. ಆಗ ಓನರ್ ದನಿ ತಗ್ಗಿಸಿ ಕೇಳಿದ್ರು, "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?" ನಾನು ಕಂಪನಿ ಹೆಸರು ಹೇಳಿ, ನಕ್ಕು ಜಾರಿಕೊಂಡೆ. ಮನೆ ಸಿಗಲಿಲ್ಲ. ಆಮೇಲೆ ಕಾಡಿದ್ದು ಮನೆಯಲ್ಲ, ನಾನು ಜಾರಿಕೊಂಡಿದ್ದು. ಆ ವಾರವೇ ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯನ್ನು ಮತ್ತೆ ಕೈಗೆತ್ತಿಕೊಂಡೆ.

ಸಿದ್ದಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ವೀಕೆಂಡ್ ಬಂದ್ರೆ ನಾವು ಡ್ಯಾಮ್ ನೋಡೋಕೆ ಹೋಗ್ತೀವಲ್ಲ, ಅದೇ ಮಂಚನಬೆಲೆ. ಅವರ ಬಾಲ್ಯದ ಒಂದು ದೃಶ್ಯ ಪುಸ್ತಕದಲ್ಲಿದೆ. ಹೊಲದಲ್ಲಿ ಇಬ್ಬರು ಗಂಡಸರು ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದಿನಿಂದ ಇನ್ನೊಬ್ಬ ಉಳುತ್ತಿದ್ದಾನೆ. ಹುಡುಗನಿಗೆ ಮೊದಲು ಅದು ತಮಾಷೆ ಅನ್ನಿಸುತ್ತೆ, ಆಮೇಲೆ ಸಂಕಟ ಶುರುವಾಗುತ್ತೆ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ.

ಕುಟುಂಬ ಬೆಂಗಳೂರಿಗೆ ಬಂತು. ಶ್ರೀರಾಮಪುರದ ಕೊಳೆಗೇರಿ, ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್, ಓದೋಕೆ ಸ್ಮಶಾನದ ಪ್ರಶಾಂತ ಜಾಗ. ಇವಿಷ್ಟರಲ್ಲೇ ಅವರು ಭಾಷಣಕಾರರಾದರು, ಕವಿಯಾದರು.

1973ರ ನವೆಂಬರ್‌ನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದ್ರು. ಬೀದಿಬೀದಿಗಳಲ್ಲಿ ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಸಚಿವರು ರಾಜೀನಾಮೆ ಕೊಡಬೇಕಾಯ್ತು. ಆದರೆ ಆ ಗಲಾಟೆಯೇ ಒಂದು ತಲೆಮಾರಿನ ಹುಡುಗರನ್ನು ಒಟ್ಟಿಗೆ ತಂದಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ದಲಿಂಗಯ್ಯ ಮತ್ತು ಗೆಳೆಯರು ಸೇರಿ ದಲಿತ ಸಂಘರ್ಷ ಸಮಿತಿ ಕಟ್ಟಿದರು.

ಆ ಕಾಲದ ಗಾಳಿಯೇ ಹಾಗಿತ್ತು. ನ್ಯೂಯಾರ್ಕಿನ ಪೂರ್ವ ಹಾರ್ಲೆಮ್‌ನಲ್ಲಿ ನಗರಸಭೆ ಕಸ ಎತ್ತದೇ ಹೋದಾಗ, 1969ರ ಬೇಸಿಗೆಯಲ್ಲಿ 'ಯಂಗ್ ಲಾರ್ಡ್ಸ್' ಹುಡುಗರು ಆ ಕಸವನ್ನೇ ನಡುರಸ್ತೆಗೆ ಎಳೆದು ಹಾಕಿದರು. ಅವರ ಮುಂದಾಳು ಫೆಲಿಪೆ ಲುಸಿಯಾನೊ, ಪ್ಯೂರ್ಟೊ ರಿಕೊ ಮೂಲದ ಕಪ್ಪು ಕವಿ. ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ ಹಿಡಿದು 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಅಲ್ಲೂ ಮುಂದೆ ನಿಂತವರು ನಾಮದೇವ ಢಸಾಳ್ ಥರದ ಕವಿಗಳು. ಕವಿತೆ ಬರೆಯೋದು, ಜನರನ್ನ ಸೇರಿಸೋದು ಇವರಿಗೆ ಎರಡು ಬೇರೆ ಕೆಲಸ ಆಗಿರಲಿಲ್ಲ.

1975ರಲ್ಲಿ ಸಿದ್ದಲಿಂಗಯ್ಯನವರ ಮೊದಲ ಸಂಕಲನ ಬಂತು. ಹೆಸರು 'ಹೊಲೆಮಾದಿಗರ ಹಾಡು'. ಬೈಗುಳದ ಹಾಗೆ ಬಳಸ್ತಿದ್ದ ಹೆಸರುಗಳನ್ನ ಇಪ್ಪತ್ತೊಂದರ ಹುಡುಗ ಮುಖಪುಟದಲ್ಲೇ ಅಚ್ಚು ಹಾಕಿಸಿದ. ಯಾರಾದರೂ ದನಿ ತಗ್ಗಿಸಿ ಕೇಳುವ ಮೊದಲೇ ಉತ್ತರ ಕೊಟ್ಟ ಹಾಗೆ. ಅವರ ಹಾಡುಗಳು ಪುಸ್ತಕದಲ್ಲಿ ಕೂರಲಿಲ್ಲ. ಜಾಥಾಗಳಲ್ಲಿ, ಧರಣಿಗಳಲ್ಲಿ ತಮಟೆ ಜೊತೆ ಊರೂರು ಸುತ್ತಿದವು. ಅಕ್ಷರ ಬಾರದವರಿಗೂ ಅವು ಬಾಯಿಪಾಠ ಆಗಿದ್ದವು.

ಆಮೇಲೇನಾಯ್ತು? 1988ರಲ್ಲಿ ಅವರು ವಿಧಾನ ಪರಿಷತ್ ಸದಸ್ಯರಾದರು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ಅಧಿಕಾರದ ಹತ್ತಿರ ಹೋಗಿ ಕವಿಯ ಬೆಂಕಿ ಆರಿತು ಅಂತ ಹಳೆಯ ಸಂಗಾತಿಗಳೇ ಬೇಸರ ಮಾಡಿಕೊಂಡರು. ಆ ಬೇಸರ ಸುಳ್ಳಲ್ಲ.

ಆದರೆ 'ಊರುಕೇರಿ' ಓದಿದಾಗ ನನಗೆ ಬೇರೆಯದೂ ಕಾಣುತ್ತೆ. ಅಷ್ಟು ಅವಮಾನದ ಕಥೆಯನ್ನ ಅವರು ನಗಿಸ್ತಾ ಹೇಳ್ತಾರೆ. ಯಲಹಂಕದಿಂದ ಇದೇ ರಸ್ತೆಯಲ್ಲಿ ಮುಂದೆ ಹೋದ್ರೆ ಸಿಗೋ ದೊಡ್ಡಬಳ್ಳಾಪುರದ ಡಿ.ಆರ್. ನಾಗರಾಜ್ ಅವರ ಆಪ್ತ ಗೆಳೆಯ. ಬರೀ ಅವಮಾನದ ನೆನಪಿನ ಮೇಲೆ ಚಳವಳಿ ನಿಲ್ಲೋದಿಲ್ಲ, ತಮ್ಮದೇ ದೇವರು, ಹಾಡು, ನೆನಪುಗಳ ಬಲವೂ ಬೇಕು ಅಂತ ವಾದಿಸಿದವರು ಡಿ.ಆರ್. ಸಿದ್ದಲಿಂಗಯ್ಯ ಪಿಎಚ್‌.ಡಿ. ಮಾಡಿದ್ದೂ ಗ್ರಾಮದೇವತೆಗಳ ಮೇಲೆಯೇ. ಆ ನಗು ಸೋಲಿನ ನಗು ಅಲ್ಲ. ಕೇರಿಯಲ್ಲಿ ಬರೀ ನೋವಷ್ಟೇ ಅಲ್ಲ, ಬದುಕೂ ಇತ್ತು ಅಂತ ಹೇಳೋ ನಗು.

2021ರ ಜೂನ್ 11ರಂದು ಕೋವಿಡ್ ಅವರನ್ನ ಕರೆದುಕೊಂಡು ಹೋಯ್ತು. ಮುಂದಿನ ವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು.

ಮುಂದಿನ ಮನೆಯಲ್ಲೂ ನನಗೆ ಅದೇ ಪ್ರಶ್ನೆ ಬಂತು. ಈ ಸಲ ದನಿ ತಗ್ಗಿಸದೆ ಹೇಳಿದೆ. ಆ ಮನೆಯೂ ಸಿಗಲಿಲ್ಲ ಬಿಡಿ. ಈಗ ಇರೋದು ನಾಲ್ಕನೇ ಮನೆ. ಇಲ್ಲಿ ಅಜ್ಜಿಯೊಬ್ಬರು ಓನರ್. ಅವರು ಕೇಳಿದ್ದು ಒಂದೇ, "ನೀರು ಸುಮ್ನೆ ಪೋಲು ಮಾಡಲ್ಲ ತಾನೇ?"